ನನಗೆ ಸರಳ ಇದ್ದದ್ದು ನಿಮಗ್ಯಾಕೆ ಕಷ್ಟ? ಕಲಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಹೇಳಿ ನಿವೃತ್ತನಾದವನು ನಾನು. ಈಗ ಕಲಬುರಗಿಯ ನಮ್ಮ ಬಡಾವಣೆಯಲ್ಲಿ ತಿಂಗಳಿಗೊಂದು ಭಾನುವಾರ ಕಲಿಸುವವರ ಜೊತೆ ಕೂಡುತ್ತೇನೆ. ಟ್ಯೂಷನ್ ಹೇಳುವ ಹುಡುಗಿಯರು, ಹೊಲಿಗೆ ಕಲಿಸುವ ಅಕ್ಕಂದಿರು, ಡ್ರೈವಿಂಗ್ ಶಾಲೆಯವರಿಬ್ಬರು, ಗ್ಯಾರೇಜಿನ ಹೊಸ ಹುಡುಗರಿಗೆ ಕೆಲಸ ತೋರಿಸುವ ಒಬ್ಬ ಮೆಕ್ಯಾನಿಕ್ ಬರುತ್ತಾರೆ. ಎಲ್ಲರದೂ ಒಂದೇ ತಕರಾರು: "ಇಷ್ಟ ಸರಳ ಅದರಿ ಸರ್, ಆದ್ರೂ ಅವರ ತಲಿಗಿ ಹೋಗವಲ್ದು." ಪ್ರತಿಸಲ ಅದೇ ಪ್ರಶ್ನೆಗಳು ಬರುವುದರಿಂದ ಉತ್ತರಗಳನ್ನು ಬರೆದಿಟ್ಟುಬಿಡೋಣ ಅನಿಸಿತು.

ಸರಳವಾದದ್ದು ಎಲ್ಲರಿಗೂ ಸರಳವೇ ಅಲ್ಲವೇ?

ಅಲ್ಲ. ನಂಬಿಕೆ ಬರದಿದ್ದರೆ ಈಗಲೇ ಒಂದು ಪರೀಕ್ಷೆ ಮಾಡಿ. ಮನೆಯವರನ್ನು ಎದುರಿಗೆ ಕೂಡಿಸಿಕೊಂಡು, ಬಾಯಿಬಿಡದೆ, ರಾಷ್ಟ್ರಗೀತೆಯ ಲಯವನ್ನು ಬೆರಳಿನಿಂದ ಮೇಜಿನ ಮೇಲೆ ಬಡಿಯಿರಿ. ಯಾವ ಹಾಡೆಂದು ಅವರು ಹೇಳಬೇಕು. ಬಡಿಯುವಾಗ ನಿಮ್ಮ ತಲೆಯೊಳಗೆ ರಾಗ, ಮಾತು, ಶಾಲೆಯ ಅಂಗಳ ಎಲ್ಲ ಮೊಳಗುತ್ತಿರುತ್ತವೆ. ಎದುರಿಗಿದ್ದವರಿಗೆ ಕೇಳುವುದು ಟಕ್ ಟಕ್ ಸದ್ದು ಮಾತ್ರ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ನ್ಯೂಟನ್ ಎಂಬ ಸಂಶೋಧಕಿ 1990ರಲ್ಲಿ ತಮ್ಮ ಪಿಎಚ್‌ಡಿಗಾಗಿ ಇದನ್ನೇ ಮಾಡಿಸಿದರು. ಒಟ್ಟು 120 ಹಾಡುಗಳನ್ನು ಬಡಿದು ಕೇಳಿಸಲಾಯಿತು. ಕೇಳಿದವರು ಗುರುತಿಸಿದ್ದು 3. ಬಡಿದವರನ್ನು ಮೊದಲೇ ಕೇಳಿದಾಗ ಅರ್ಧದಷ್ಟಾದರೂ ಗುರುತಿಸುತ್ತಾರೆ ಅಂದಿದ್ದರು. ನಾವು ಪಾಠ ಹೇಳುವಾಗ ಆಗುವುದೂ ಇದೇ. ಹಾಡು ನಮ್ಮ ತಲೆಯಲ್ಲಿ, ಮಕ್ಕಳ ಪಾಲಿಗೆ ಮೇಜಿನ ಸದ್ದು.

ಇದಕ್ಕೊಂದು ಹೆಸರಿದೆಯೇ?

ಇದೆ. 1989ರಲ್ಲಿ ಕಾಲಿನ್ ಕ್ಯಾಮೆರರ್, ಜಾರ್ಜ್ ಲೋವೆನ್‌ಸ್ಟೈನ್, ಮಾರ್ಟಿನ್ ವೆಬರ್ ಎಂಬ ಮೂವರು ಅರ್ಥಶಾಸ್ತ್ರದ ಲೇಖನವೊಂದರಲ್ಲಿ ಇದನ್ನು 'ಜ್ಞಾನದ ಶಾಪ' ಅಂತ ಕರೆದರು. ಹೆಚ್ಚು ತಿಳಿದವರು, ಲಾಭವಿದ್ದಾಗಲೂ ತಮಗೆ ತಿಳಿದದ್ದನ್ನು ಬದಿಗಿಟ್ಟು ತಿಳಿಯದವರ ಜಾಗದಲ್ಲಿ ನಿಂತು ಯೋಚಿಸಲಾರರು ಎಂಬುದು ಅವರು ತೋರಿಸಿದ್ದು. ಶಾಪ ಅನ್ನುವುದು ಸ್ವಲ್ಪ ಜಾಸ್ತಿಯಾಯಿತು. ನಮ್ಮ ಕಡೆ "ಕಲ್ತದ್ದ ಮರ್ತಾನ" ಅಂದರೆ ವಿದ್ಯೆ ಮರೆತವನು ಅಂತ ಅರ್ಥ. ಇಲ್ಲಿ ಮರೆತದ್ದು ವಿದ್ಯೆಯನ್ನಲ್ಲ, ಕಲಿಯುವಾಗ ಪಟ್ಟ ಪಾಡನ್ನು.

ಕಲಿಯುವಾಗ ಪಟ್ಟ ಕಷ್ಟ ಅಷ್ಟು ಪೂರ್ತಿಯಾಗಿ ಮರೆತುಹೋಗುವುದು ಹೇಗೆ?

ಇದಕ್ಕೆ ನನ್ನ ಮನೆಯ ಕಥೆಯನ್ನೇ ಹೇಳಬೇಕು.

ಮಗಳ ಬಾಣಂತನಕ್ಕೆಂದು ನನ್ನ ಹೆಂಡತಿ ಮೂರು ತಿಂಗಳು ಬೀದರಿಗೆ ಹೋದಳು. ಮೊದಲ ವಾರ ಖಾನಾವಳಿಯಲ್ಲಿ ಉಂಡೆ. ಎರಡನೇ ವಾರ ಹುಮ್ಮಸ್ಸು ಬಂದು ಜೋಳದ ರೊಟ್ಟಿ ಮಾಡಲು ನಿಂತೆ. ಐವತ್ತು ವರ್ಷದಿಂದ ತಿಂದ ರೊಟ್ಟಿ, ಮೊದಲು ತಾಯಿ ಬಡಿಯುವುದನ್ನು, ಆಮೇಲೆ ಹೆಂಡತಿ ಬಡಿಯುವುದನ್ನು ದಿನಾ ನೋಡಿದವನು. ಫೋನ್ ಹಚ್ಚಿದೆ.

"ಎಸರ ಕುದಿಸ್ರಿ, ಹಿಟ್ಟಿಗಿ ಹಾಕ್ರಿ, ನಾದ್ರಿ, ಬಡೀರಿ, ಹಂಚಿಗಿ ಹಾಕ್ರಿ. ಏನದ ಅದರಾಗ?" ಅಂದಳು.

"ಎಷ್ಟ ನಾದಬೇಕು?"

"ಹದ ಬರೂತನ."

"ಹದ ಬಂದದ್ದು ಹ್ಯಾಂಗ ಗೊತ್ತಾಗ್ತದ?"

ಆ ಕಡೆ ಒಂದು ಗಳಿಗೆ ಮೌನ. ಆಮೇಲೆ ನಗುತ್ತಾ, "ಕೈಗಿ ಗೊತ್ತಾಗ್ತದ್ರಿ" ಅಂದಳು.

ಅವಳ ಕೈಗೆ ಗೊತ್ತಾಗುತ್ತದೆ, ನನ್ನ ಕೈಗೆ ಗೊತ್ತಾಗಲಿಲ್ಲ. ಮೊದಲ ರೊಟ್ಟಿ ಪರಾತದಿಂದ ಎತ್ತುವಾಗಲೇ ಮೂರು ಹೋಳು. ಎರಡನೆಯದರ ಅಂಚು ಬಿಸಿಲಿಗೆ ಬಾಯಿಬಿಟ್ಟ ಎರೆಹೊಲದ ಹಾಗೆ ಬಿರಿಯಿತು. ಜೋಳದಲ್ಲಿ ಗೋಧಿಯಂಥ ಅಂಟು ಇಲ್ಲ. ಗೋಧಿ ಹಿಟ್ಟು ನಾದಿದಷ್ಟೂ ರಬ್ಬರಿನ ಹಾಗೆ ಎಳೆಯುವುದು ಅದರೊಳಗಿನ ಗ್ಲುಟೆನ್ನಿನಿಂದ, ಜೋಳಕ್ಕೆ ಅದಿಲ್ಲ. ಕುದಿಯುವ ಎಸರು ಹಿಟ್ಟಿನ ಪಿಷ್ಟವನ್ನು ಅರೆಬೇಯಿಸಿ ಜಿಗಿ ಕೊಡುತ್ತದೆ, ರೊಟ್ಟಿ ನಿಲ್ಲುವುದು ಆ ಜಿಗಿಯ ಮೇಲೆ. ನಾನು ಎಸರು ಆರಿದ ಮೇಲೆ ಹಾಕಿದ್ದೆ. "ಕುದೀತಿರುವಾಗಲೇ ಹಾಕು" ಅಂತ ಅವಳು ಹೇಳಲಿಲ್ಲ. ಆರಿದ ನೀರು ಹಾಕುವವರೂ ಇರುತ್ತಾರೆಂದು ಅವಳಿಗೆ ಹೊಳೆಯಬೇಕಾದರೂ ಹೇಗೆ?

ಆ ಭಾನುವಾರ ವಿಡಿಯೋ ಕರೆ ಮಾಡಿದಾಗ ಮಗಳು ಅವಳ ಕೈ ಮೇಲೆ ಫೋನ್ ಹಿಡಿದಳು. ಆಗ ಕಂಡಿತು: ಅವಳು ರೊಟ್ಟಿಯನ್ನು ಬರೀ ಬಡಿಯುವುದಿಲ್ಲ. ಪ್ರತಿ ಏಟಿಗೂ ಅಂಗೈಯನ್ನು ಕೂದಲೆಳೆಯಷ್ಟು ಓರೆ ತಳ್ಳುತ್ತಾಳೆ, ರೊಟ್ಟಿ ತಾನಾಗಿ ತಿರುಗುತ್ತ ದುಂಡಗಾಗುತ್ತದೆ. "ಅವ್ವಾ, ನೀ ತಿರುಗಸ್ಲತ್ತೀದಿ" ಅಂದಳು ಮಗಳು. "ನಾ ಎಲ್ಲಿ ತಿರುಗಸ್ಲತ್ತೀನವ್ವಾ?" ಅಂತ ಅವಳು ಕೈ ನಿಲ್ಲಿಸಿ ತನ್ನ ಅಂಗೈಯನ್ನೇ ನೋಡಿಕೊಂಡಳು. ಅಷ್ಟು ವರ್ಷ ದಿನಕ್ಕೆ ಹತ್ತಾರು ರೊಟ್ಟಿ ಬಡಿದ ಕೈ ಏನು ಮಾಡುತ್ತಿದೆಯೆಂದು ಆ ಕೈಯವಳಿಗೇ ಗೊತ್ತಿರಲಿಲ್ಲ.

ರೂಢಿಯಾದ ಕೆಲಸ ಗಮನ ಬೇಡುವುದಿಲ್ಲ, ಗಮನ ಬೇಡದ್ದು ನೆನಪಿನಲ್ಲಿ ಉಳಿಯುವುದಿಲ್ಲ, ನೆನಪಿಲ್ಲದ್ದನ್ನು ಬಾಯಿ ಹೇಳಲಾರದು. ಸುಳ್ಳು ಹೇಳುವುದೂ ಅಲ್ಲ, ಗುಟ್ಟು ಮುಚ್ಚಿಡುವುದೂ ಅಲ್ಲ.

ಹಾಗಾದರೆ 'ಹದ'ವನ್ನು ಕಲಿಸಲು ಬರುವುದಿಲ್ಲವೇ?

ಬರುತ್ತದೆ, ಆದರೆ ಬಾಯಿಂದ ಬರುವುದು ಕಡಿಮೆ.

ಬೀದರಿನಲ್ಲಿ ಬಿದರಿ ಕೆಲಸ ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ (ಸಾಮಾನ್ಯವಾಗಿ 16 ಪಾಲಿಗೆ 1) ಎರಕ ಹೊಯ್ಯುತ್ತಾರೆ. ಗೀರಿದ ಗೆರೆ ಎದ್ದು ಕಾಣಲೆಂದು ಮೈಲುತುತ್ತದ ನೀರು ಹಚ್ಚಿ ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ. ಉಳಿಯಿಂದ ಚಿತ್ತಾರ ಕೊರೆದು ಬೆಳ್ಳಿಯ ತಂತಿ ಕೂಡಿಸಿ ನಯ ಮಾಡುತ್ತಾರೆ. ಕೊನೆಗೆ ಬೀದರ ಕೋಟೆಯೊಳಗಿನ ಹಳೆಯ ಮಣ್ಣಿಗೆ ನವಸಾಗರ ಕಲಸಿ, ಬಿಸಿ ಮಾಡಿದ ಪಾತ್ರೆಗೆ ಬಳಿಯುತ್ತಾರೆ. ಲೋಹ ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. 2006ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕ, 2023ರಲ್ಲಿ ಶಾಹ್ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ತಂದುಕೊಟ್ಟ ಕಲೆ ಇದು.

ಈಗ ಕೇಳಿ: ಯಾವ ಮಣ್ಣು ಆದೀತು, ಯಾವುದು ಆಗದು ಎಂದು ಗೊತ್ತಾಗುವುದು ಹೇಗೆ? ಉಸ್ತಾದರು ಒಂದು ಚಿಟಿಕೆ ನಾಲಿಗೆಗೆ ಹಚ್ಚಿ ನೋಡುತ್ತಾರೆ. ಆ ರುಚಿಯನ್ನು ಯಾವ ಪುಸ್ತಕದಲ್ಲಿ ಬರೆದಿಡುವುದು? ಉಪ್ಪು ಅಂದರೆ ಸಾಲದು, ಒಗರು ಅಂದರೆ ತಪ್ಪಾದೀತು. ಕಲಿಯುವವನ ನಾಲಿಗೆಯ ಮೇಲೂ ಅದೇ ಮಣ್ಣು ಇಡಬೇಕು, ಜೊತೆಗೆ ಕೆಲಸಕ್ಕೆ ಬಾರದ ಮಣ್ಣನ್ನೂ ಇಡಬೇಕು. ಎರಡರ ನಡುವಿನ ಫರಕು ನಾಲಿಗೆ ತಾನೇ ಹಿಡಿಯುತ್ತದೆ.

ಹೊಲಿಗೆ ಅಕ್ಕಂದಿರಿಗೆ ನಾನು ಹೇಳುವುದೂ ಇದನ್ನೇ. ಸರಿಯಾದದ್ದನ್ನು ಹತ್ತು ಸಲ ತೋರಿಸುವ ಬದಲು ಒಂದು ಸಲ ಬೇಕಂತಲೇ ಕೆಡಿಸಿ ತೋರಿಸಿ. ಎಸರು ಆರಿದ ಹಿಟ್ಟು ಇದು, ಸರಿಯಾದ ಹಿಟ್ಟು ಇದು, ಎರಡನ್ನೂ ಮುಟ್ಟಿ ನೋಡು. ಕ್ಲಚ್ಚು ಬೇಗ ಬಿಟ್ಟರೆ ಗಾಡಿ ಹೀಗೆ ಕುಪ್ಪಳಿಸುತ್ತದೆ. ಕೆಟ್ಟದ್ದು ಪಕ್ಕಕ್ಕಿದ್ದರೆ ಹದ ಅನ್ನುವ ಮಾತಿಗೆ ಅರ್ಥ ಬರುತ್ತದೆ.

ಒಂದು ಪಟ್ಟಿಯನ್ನೂ ಇಟ್ಟುಕೊಳ್ಳಿ. "ಹದ ನೋಡಿ", "ಅಂದಾಜಿಗೆ", "ಬೇಕಾದಷ್ಟು", "ಸುಮ್ಮ ಒಂದೀಟು", "ಅಷ್ಟ ನೋಡು": ಇವು ನಿಮ್ಮ ಬಾಯಿಂದ ಬಿದ್ದ ಕಡೆಯೆಲ್ಲ ಒಂದು ಹೆಜ್ಜೆ ನುಂಗಿಹೋಗಿದೆ ಅಂತ ತಿಳಿಯಿರಿ.

"ಸರಳ ಅದ, ಅಂಜಬ್ಯಾಡ" ಅಂದರೆ ಮಕ್ಕಳಿಗೆ ಧೈರ್ಯ ಬರುವುದಿಲ್ಲವೇ?

ಬರುತ್ತದೆಂದೇ ನಾನೂ ಇಪ್ಪತ್ತು ವರ್ಷ ತಿಳಿದಿದ್ದೆ.

ಎಂಟನೇ ತರಗತಿಯ ಬೀಜಗಣಿತ. ಎಕ್ಸ್ + 5 = 12. "5 ಆ ಕಡಿ ಹೋದ್ರ ಚಿಹ್ನೆ ಬದಲಾಗ್ತದ, 12 - 5, ಉತ್ತರ 7. ಸರಳ ಅದ" ಅಂತ ಹೇಳಿ ಮುಂದಿನ ಲೆಕ್ಕಕ್ಕೆ ಹೋಗುತ್ತಿದ್ದೆ. ನಮ್ಮ ಗಣಿತದಲ್ಲಿ ಇದಕ್ಕೆ ಪಕ್ಷಾಂತರ ಅನ್ನುತ್ತಾರೆ. (ಈ ಪದಕ್ಕೆ ವಿಧಾನಸಭೆಯಲ್ಲಿರುವ ಅರ್ಥ ಹುಡುಗರಿಗೆ ಬೇಗ ತಿಳಿಯುತ್ತದೆ. ಅಲ್ಲಿಯೂ ಆ ಕಡೆ ಹೋದ ಕೂಡಲೇ ಚಿಹ್ನೆ ಬದಲಾಗುತ್ತದೆ.) ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಯಾಕ್ ಬದಲಾಗ್ತದ್ರಿ ಸರ್?" ಅಂದ. "ಇಷ್ಟೂ ತಿಳಿಯಂಗಿಲ್ಲೇನೋ? ಸರಳ ಅದಲ್ಲೋ!" ಅಂದೆ. ತರಗತಿ ನಕ್ಕಿತು. ಅವನು ಕೂತ. ಆ ವರ್ಷ ಮತ್ತೆ ಅವನು ಏಳಲಿಲ್ಲ.

ಅವನು ಕೇಳಿದ್ದು ಸರಿಯಾದ ಪ್ರಶ್ನೆ. 5 ಎಲ್ಲಿಗೂ ಹೋಗುವುದಿಲ್ಲ. ಎರಡೂ ಕಡೆಯಿಂದ 5 ಕಳೆಯುತ್ತೇವೆ, ಈ ಕಡೆ ಸೊನ್ನೆಯಾಗುತ್ತದೆ, ಆ ಕಡೆ 12 - 5 ಉಳಿಯುತ್ತದೆ. ತಕ್ಕಡಿಯ ಎರಡೂ ತಟ್ಟೆಯಿಂದ ಅಷ್ಟಷ್ಟೇ ತೆಗೆದರೆ ಮುಳ್ಳು ನಡುವೆಯೇ ನಿಲ್ಲುವ ಹಾಗೆ. ಆ ನಡುವಿನ ಹೆಜ್ಜೆಯನ್ನು ನಾನು ಯಾವಾಗ ಬಿಟ್ಟುಬಿಟ್ಟೆನೋ ನನಗೇ ಗೊತ್ತಿಲ್ಲ.

ಹನ್ನೆರಡು ವರ್ಷದ ಮೇಲೆ ನಮ್ಮೂರಿನ ಸೂಪರ್ ಮಾರ್ಕೆಟ್ ಅನ್ನುವ ಪೇಟೆಯ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಅವನೇ ಸಿಕ್ಕ. ನಮಸ್ಕಾರ ಮಾಡಿ, ಚಹಾ ತರಿಸಿ, ಮಾತಿನ ನಡುವೆ ಹೇಳಿದ: "ನೀವು ಕಠಿಣ ಅದ ಅಂದಿದ್ರ ಪ್ರಯತ್ನ ಮಾಡ್ತಿದ್ದೆರಿ ಸರ್. ಸರಳ ಅದ ಅಂದ್ರಿ. ಸರಳ ಇದ್ದದ್ದೇ ಬರವಲ್ದು ಅಂದ್ರ ನಾ ದಡ್ಡನೇ ಇರಬೇಕು ಅಂತ ಬಿಟ್ಟೆ."

ಕಠಿಣ ಅಂತ ಗೊತ್ತಿದ್ದು ಸೋತರೆ ಸೋಲು ಕೆಲಸದ ಮೇಲೆ ಹೋಗುತ್ತದೆ. ಸರಳ ಅಂತ ಕೇಳಿ ಸೋತರೆ ಸೋಲು ತನ್ನ ಮೇಲೆ ಬೀಳುತ್ತದೆ. ಅದಕ್ಕೇ ಈಗ ನಾನು "ಮೊದಲನೇ ಸಲ ಯಾರಿಗೂ ಬರಂಗಿಲ್ಲ, ನನಗೂ ಬಂದಿರಲಿಲ್ಲ" ಅನ್ನುತ್ತೇನೆ. ಅದು ನಿಜವೂ ಹೌದು.

ಅಂದು ನನ್ನ ಫೋನಿನ ಡಿಸ್‌ಪ್ಲೇ ಬದಲಿಸುತ್ತಾ ಅವನ ಕೈ ಓಡುವುದನ್ನು ನೋಡಿ, ಇದನ್ನೆಲ್ಲ ಹೇಗೆ ಕಲಿತೆ ಎಂದೆ. "ಇದರಾಗೇನದರಿ ಸರ್, ಸರಳ ಅದ" ಅಂದ. ಇಬ್ಬರೂ ನಕ್ಕೆವು.

ಒಂದನೇ ತರಗತಿಗೆ ಕನ್ನಡ ಕಲಿಸುತ್ತೇನೆ. ಕನ್ನಡವೂ ಕಷ್ಟವೇ?

'ಸೂರ್ಯ' ಅಂತ ಬರೆದು ನೋಡಿ. ಬಾಯಲ್ಲಿ ಮೊದಲು ಬರುವುದು ರ್, ಆಮೇಲೆ ಯ. ಕೈಬರಹದಲ್ಲಿ ನಾವು ಅರ್ಕಾವೊತ್ತು ಹಾಕಿದರೆ ಅದು ಯ ಆದಮೇಲೆ ಕೂಡುತ್ತದೆ. ಮೊದಲು ಕೇಳಿದ್ದನ್ನು ಆಮೇಲೆ ಬರೆಯುವ ಈ ವಿಚಿತ್ರವನ್ನು ನೀವು ಕೊನೆಯ ಸಲ ಗಮನಿಸಿದ್ದು ಯಾವಾಗ? ಮಗು ಮಾತ್ರ ಗಮನಿಸುತ್ತದೆ, ಅದಕ್ಕೇ ತಪ್ಪು ಬರೆಯುತ್ತದೆ. ಇನ್ನು ಆ ಗುರುತು ಒಂಬತ್ತರ ಕನ್ನಡ ಅಂಕಿಯ ಹಾಗೇ ಇರುವುದು ಬೇರೆ ಫಜೀತಿ.

ನಮ್ಮ ಭಾಗದ ಮಾತು ಇನ್ನೂ ಬೇರೆ. ಕಲಬುರಗಿ ತಾಂಡಾಗಳ ಮಗು ಮನೆಯಲ್ಲಿ ಲಂಬಾಣಿ ಆಡುತ್ತದೆ, ಬೀದರಿನ ಮಗುವಿನ ಮನೆಯಲ್ಲಿ ಮರಾಠಿ ಅಥವಾ ಉರ್ದು ಇರಬಹುದು, ಗುರುಮಠಕಲ್ ಕಡೆ ತೆಲುಗು. ಮನೆಯಲ್ಲಿ ಕನ್ನಡವೇ ಇದ್ದರೂ ಅದು "ಎಲ್ಲಿ ಹೊಂಟೀದಿ", "ಏನ್ ಮಾಡ್ಲತ್ತೀದಿ" ಅನ್ನುವ ಕನ್ನಡ. ಪುಸ್ತಕದ "ಎಲ್ಲಿಗೆ ಹೋಗುತ್ತಿರುವೆ" ಅದಕ್ಕೆ ಅರ್ಧ ಪರಭಾಷೆ. ಆ ಮಗು ಏಕಕಾಲಕ್ಕೆ ಅಕ್ಷರವನ್ನೂ ಭಾಷೆಯನ್ನೂ ಕಲಿಯುತ್ತಿದೆ. ನಾವು ಅಕ್ಷರವನ್ನಷ್ಟೇ ಕಲಿಸುತ್ತಿದ್ದೇವೆ ಅಂದುಕೊಂಡಿರುತ್ತೇವೆ.

ಜಾಣರು ಬೇರೆಯವರನ್ನು ದಡ್ಡರೆಂದು ಭಾವಿಸುತ್ತಾರಲ್ಲ, ಇದು ಅದರ ಉಲ್ಟಾ ಆಯಿತಲ್ಲವೇ?

ಉಲ್ಟಾ ಹೌದು. ಡೇವಿಡ್ ಡನ್ನಿಂಗ್ ಮತ್ತು ಜಸ್ಟಿನ್ ಕ್ರೂಗರ್ ಎಂಬ ಮನೋವಿಜ್ಞಾನಿಗಳು 1999ರಲ್ಲಿ ಪ್ರಕಟಿಸಿದ ಅಧ್ಯಯನದ ಅರ್ಧ ಭಾಗ ಎಲ್ಲರ ಬಾಯಲ್ಲಿದೆ: ಬಾರದವರು ತಮಗೆ ಬರುತ್ತದೆಂದು ನಂಬಿರುತ್ತಾರೆ. ಇನ್ನರ್ಧ ಯಾರೂ ಹೇಳುವುದಿಲ್ಲ. ಅದೇ ಪರೀಕ್ಷೆಯಲ್ಲಿ ಎಲ್ಲರಿಗಿಂತ ಮುಂದಿದ್ದವರು ತಮ್ಮ ಸ್ಥಾನ ಇರುವುದಕ್ಕಿಂತ ಕೆಳಗಿದೆ ಅಂದುಕೊಂಡಿದ್ದರು. ತಮಗೆ ಸುಲಭವಾದದ್ದು ಉಳಿದವರಿಗೂ ಸುಲಭವೇ ಆಗಿರಬೇಕೆಂದು ಅವರ ಎಣಿಕೆ. ಬೇರೆಯವರ ಉತ್ತರಪತ್ರಿಕೆ ಕೈಗೆ ಕೊಟ್ಟ ಮೇಲೆ ಅವರ ಅಂದಾಜು ಸರಿಹೋಯಿತು. ನಾನು ಹೊಸ ಶಿಕ್ಷಕರಿಗೆ ಮಕ್ಕಳ ನೋಟ್‌ಬುಕ್ಕಿನ ತಪ್ಪುಗಳನ್ನೇ ಓದಲು ಕೊಡುವುದು ಇದಕ್ಕಾಗಿ.

"ತನ್ನಂತೆ ಪರರ ಬಗೆ" ಅಂತ ಹಿರಿಯರೇ ಹೇಳಿದ್ದಾರಲ್ಲ?

ಹಸಿವು, ನೋವು, ಮರ್ಯಾದೆಯ ವಿಷಯಕ್ಕೆ ಆ ಮಾತು. ಗುಣಾಕಾರಕ್ಕಲ್ಲ.

ಕೆಲವರಿಗೆ ಹುಟ್ಟಿನಿಂದಲೇ ಲೆಕ್ಕ ಬರುತ್ತದೆ, ಕೆಲವರಿಗೆ ಬರುವುದೇ ಇಲ್ಲ. ಒಪ್ಪುತ್ತೀರಾ?

ಪೂರ್ತಿ ಒಪ್ಪುವುದಿಲ್ಲ. ತರಕಾರಿ ಬುಟ್ಟಿ ಇಟ್ಟುಕೊಂಡು ಕೂತ ಅಜ್ಜಿಯ ಹತ್ತಿರ ದೀಡ ಕಿಲೋ ಬದನೆ, ಪಾವ್ ಕಿಲೋ ಮೆಣಸಿನಕಾಯಿ, ಎರಡು ಸಿವುಡು ಪುಂಡಿಪಲ್ಯ ತಗೊಂಡು ಐನೂರರ ನೋಟು ಕೊಡಿ. ನೀವು ಫೋನ್ ತೆಗೆಯುವಷ್ಟರಲ್ಲಿ ಚಿಲ್ಲರೆ ನಿಮ್ಮ ಕೈಲಿರುತ್ತದೆ. ಅದೇ ಲೆಕ್ಕವನ್ನು ಹಲಗೆಯ ಮೇಲೆ ಬರೆದರೆ "ನನಗ ಓದ್ಲಾಕ ಬರಂಗಿಲ್ಲಪ್ಪಾ" ಅನ್ನುತ್ತಾಳೆ.

ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಕೋಲ್ಕತ್ತ, ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳನ್ನು ಪರೀಕ್ಷಿಸಿ 2025ರಲ್ಲಿ ಪ್ರಕಟಿಸಿದ್ದೂ ಇದೇ. ಅಂಗಡಿಯಲ್ಲಿ ಬಾಯಿಲೆಕ್ಕ ಹಾಕುವ ಮಕ್ಕಳು ಶಾಲೆಯ ಮಾದರಿಯ ಲೆಕ್ಕದಲ್ಲಿ ಎಡವಿದರು. ಶಾಲೆಯಲ್ಲಷ್ಟೇ ಕಲಿತ ಮಕ್ಕಳು ಸಂತೆಯ ಲೆಕ್ಕದಲ್ಲಿ ಎಡವಿದರು. ಇಬ್ಬರಿಗೂ ತಮ್ಮದು ಸರಳ. ನಾನು ಮೂವತ್ತೊಂದು ವರ್ಷ ಒಂದೇ ಬಗೆಯ ಸರಳವನ್ನು ಸರಳ ಅಂದೆ.

ನನಗೆ ಸಲೀಸಾಗಿ ಬರುವ ಕೆಲಸಕ್ಕೆ ದುಡ್ಡು ಕೇಳಲು ನಾಚಿಕೆ. ಏನು ಮಾಡಲಿ?

ಈ ಪ್ರಶ್ನೆ ಕೇಳುವವರು ಹೆಚ್ಚಿನಂಶ ಹೆಣ್ಣುಮಕ್ಕಳು, ಅದು ನನಗೆ ಬೇಸರ ತರಿಸುತ್ತದೆ. ಸೀರೆಗೆ ಕುಚ್ಚು ಕಟ್ಟಿಕೊಟ್ಟು "ಇದಕ್ಕೇನ್ ರೊಕ್ಕಾರಿ ವೈನಿ" ಅನ್ನುತ್ತಾರೆ. ತಮಗೆ ಹಗುರವಾದದ್ದಕ್ಕೆ ಬೆಲೆ ಇಲ್ಲವೆಂದು ಅವರೇ ತೀರ್ಮಾನಿಸಿರುತ್ತಾರೆ, ತಗೊಳ್ಳುವವರೂ ಖುಷಿಯಿಂದ ಒಪ್ಪಿರುತ್ತಾರೆ.

ರೊಟ್ಟಿಯನ್ನೇ ನೋಡಿ. ಮನೆಯೊಳಗಿದ್ದಷ್ಟು ದಿನ ಅದು ಕೆಲಸ ಅಂತ ಯಾರೂ ಎಣಿಸಲಿಲ್ಲ. ಈಗ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಬಡಿದ ರೊಟ್ಟಿ 'ಕಲಬುರಗಿ ರೊಟ್ಟಿ' ಅಂತ ಹೆಸರು ಹೊತ್ತು ಮಾರಾಟವಾಗುತ್ತದೆ. ರೊಟ್ಟಿ ಬದಲಾಗಲಿಲ್ಲ. ಯಂತ್ರಗಳ ಕಥೆಯನ್ನೂ ನೋಡಿ. ಚದುರಂಗದ ವಿಶ್ವ ಚಾಂಪಿಯನ್ ಗ್ಯಾರಿ ಕಾಸ್ಪರೋವ್ ಅವರನ್ನು 1997ರಲ್ಲೇ ಕಂಪ್ಯೂಟರ್ ಸೋಲಿಸಿತು. ಒಗೆದ ಬಟ್ಟೆಯ ರಾಶಿಯನ್ನು ಮಡಚಿಡುವುದು ಯಂತ್ರಗಳಿಗೆ ಅದಾದ ಎಷ್ಟೋ ವರ್ಷ ತಿಣುಕಾಟವೇ ಆಗಿತ್ತು. ಹಗುರ ಅನ್ನಿಸುವ ಕೈಗೆಲಸದೊಳಗೆ ಎಷ್ಟು ತುಂಬಿದೆಯೆಂದು ಯಂತ್ರ ಕಟ್ಟುವವರನ್ನು ಕೇಳಬೇಕು.

ಬೆಲೆ ಹೇಳುವಾಗ ನಿಮಗೆ ಹಿಡಿದ ಹೊತ್ತನ್ನು ಎಣಿಸಬೇಡಿ. ಅದನ್ನು ಬಾರದವರು ಮಾಡಿದರೆ ಎಷ್ಟು ಹೊತ್ತು ಹಿಡಿದೀತು, ಎಷ್ಟು ಕೆಟ್ಟೀತು, ಅದನ್ನು ಎಣಿಸಿ.

ಅಪ್ಪನಿಗೆ ಫೋನಿನಲ್ಲಿ ಹಣ ಕಳಿಸುವುದನ್ನು ಹತ್ತು ಸಲ ಹೇಳಿದ್ದೇನೆ. ಸಿಟ್ಟು ಬರುತ್ತದೆ.

ಹೇಳುವಾಗ ಫೋನ್ ಯಾರ ಕೈಯಲ್ಲಿತ್ತು? ನಿಮ್ಮ ಕೈಯಲ್ಲಿದ್ದರೆ ಅಪ್ಪ ಹತ್ತು ಸಲ ನಿಮ್ಮ ಬೆರಳು ನೋಡಿದ್ದಾರೆ, ಅಷ್ಟೇ. ಫೋನ್ ಅವರ ಕೈಗೆ ಕೊಟ್ಟು ನಿಮ್ಮ ಕೈ ಬೆನ್ನ ಹಿಂದೆ ಕಟ್ಟಿಕೊಳ್ಳಿ. "ಹಿಂದಕ್ಕೆ ಹೋಗು" ಅಂದರೆ ಅವರು ಕುರ್ಚಿಯನ್ನು ಹಿಂದಕ್ಕೆ ಸರಿಸಬಹುದು, ನಗಬೇಡಿ. ಆ ಬಾಣದ ಗುರುತನ್ನು 'ಹಿಂದಕ್ಕೆ' ಅಂತ ಓದಲು ನೀವೂ ಎಂದೋ ಕಲಿತದ್ದೇ. ಗುಪ್ತಸಂಖ್ಯೆಯನ್ನು (ಪಿನ್) ಮಾತ್ರ ಅವರೇ ಒತ್ತಲಿ, ಮಗನಿಗೂ ಹೇಳಬಾರದೆಂಬುದು ಮೊದಲ ಪಾಠವಾಗಲಿ.

ನಾನು ಕಲಿಯುವವನು. ಗುರುಗಳು ವೇಗವಾಗಿ ಹೇಳಿ ಮುಗಿಸುತ್ತಾರೆ. ಏನು ಕೇಳಬೇಕು?

"ತಿಳಿಯಲಿಲ್ಲ" ಅಂದರೆ ಅದನ್ನೇ ಮತ್ತೊಮ್ಮೆ, ಜೋರಾಗಿ ಹೇಳುತ್ತಾರೆ. ಅದರ ಬದಲು "ಹೊಸಬರು ಇದರಾಗ ಎಲ್ಲಿ ತಪ್ತಾರ್ರಿ?" ಅಂತ ಕೇಳಿ. ತಮ್ಮ ಕೈ ಹೇಗೆ ಓಡುತ್ತದೆಂದು ಗೊತ್ತಿಲ್ಲದವರಿಗೂ ಬೇರೆಯವರ ತಪ್ಪು ಚೆನ್ನಾಗಿ ನೆನಪಿರುತ್ತದೆ. ಸಾಧ್ಯವಿದ್ದರೆ ನಿಮಗಿಂತ ಆರು ತಿಂಗಳು ಮೊದಲು ಸೇರಿದವರ ಹತ್ತಿರ ಕೂಡಿ. ಅವರ ಗಾಯ ಇನ್ನೂ ಹಸಿ.

ಇಷ್ಟೆಲ್ಲ ಹೇಳುತ್ತೀರಿ, ನಿಮಗೆ ಈಗ ಈ ತಪ್ಪು ಆಗುವುದಿಲ್ಲವೇ?

ಹೋದ ತಿಂಗಳ ಮಾತು. ಮೈಸೂರು ಕಡೆಯ ಹೆಣ್ಣುಮಗಳೊಬ್ಬಳು, ನಮ್ಮ ಅಣ್ಣನ ಮಗನ ಹೊಸ ಹೆಂಡತಿ, ಮೊದಲ ಸಲ ಒಬ್ಬಳೇ ನಮ್ಮ ಮನೆಗೆ ಹೊರಟಿದ್ದಳು. ಬಸ್ ನಿಲ್ದಾಣದಿಂದ ಫೋನ್ ಮಾಡಿದಳು. "ಏನಿಲ್ಲವ್ವಾ, ಸರಳ ಅದ. ಆಳಂದ ನಾಕಾದಾಗ ಇಳಿ, ಅಲ್ಲಿಂದ ಸೀದಾ ಬಾ" ಅಂದೆ. ಒಂದು ತಾಸಾದರೂ ಬರಲಿಲ್ಲ. ಆಟೋದವನಿಗೆ ಅವಳು "ಆಳಂದ ನಾಲ್ಕು" ಅಂತ ಹೇಳಿದ್ದಳಂತೆ. ನಾಲ್ಕನೇ ಸ್ಟಾಪೋ, ನಾಲ್ಕನೇ ಅಡ್ಡರಸ್ತೆಯೋ ಅಂತ ಇಬ್ಬರೂ ಕೂಡಿ ಹುಡುಕಿದ್ದರು.

ಬೆವರು ಒರೆಸಿಕೊಳ್ಳುತ್ತಾ ಒಳಗೆ ಬಂದವಳು ನೀರು ಕುಡಿಯುವ ಮೊದಲೇ ಕೇಳಿದಳು: "ಮಾವ, ನಾಕಾ ಅಂದ್ರೆ ಏನು?"

ಸುಂಕ ವಸೂಲಿ ಮಾಡುವ ಜಾಗಕ್ಕೆ ಹಾಗನ್ನುತ್ತಾರೆ ಅಂತ ಹೇಳಿದೆ. "ಅಲ್ಲಿ ಬೋರ್ಡು ಇರುತ್ತಾ?" ಅಂದಳು. ಎಷ್ಟೋ ವರ್ಷದಿಂದ ಓಡಾಡಿದ ದಾರಿ, ಬೋರ್ಡು ಇದೆಯೋ ಇಲ್ಲವೋ ನೆನಪಾಗಲಿಲ್ಲ. ಸಂಜೆ ಇಬ್ಬರೂ ನೋಡಿಕೊಂಡು ಬರಲು ಹೊರಟೆವು.